ಒದೆಯುವ ಹುಡುಗಿಯರ ಪಿ.ಟಿ. ಮಿಸ್

ಹುಡುಗಿಯರಿಗೆ ಫುಟ್‌ಬಾಲ್ ಹೇಳಿಕೊಡೋದನ್ನ ನಾನು ಬಿಟ್ಟರೂ ಅದು ನನ್ನನ್ನ ಬಿಟ್ಟಿಲ್ಲ. ಮೊನ್ನೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಶ್ರೀನಿವಾಸಪುರದ ಬಸ್ ಹತ್ತಿ, ಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತಿದ್ದೆ. ಕಂಡಕ್ಟರಮ್ಮ ಹಿಂದಿನಿಂದ ಗದರಿದಳು. "ಎಲ್ಲ ಒಂದೇ ಕಡೆ ಗುಂಪು ಕಟ್ಬೇಡಿ, ಜಾಗ ಖಾಲಿ ಇರೋ ಕಡೆ ಹೋಗಿ." ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ತಿರುಗಿದರೆ, ಒಂದು ಕಾಲದಲ್ಲಿ ನನ್ನ ಟೀಮಿನಲ್ಲಿ ಬಲಗಡೆ ಓಡುತ್ತಿದ್ದ ಹುಡುಗಿ. ಅದು ನನ್ನದೇ ಮಾತು, ಮೈದಾನದ ಅಂಚಲ್ಲಿ ನಿಂತು ದಿನಾ ಬಡಕೊಳ್ಳುತ್ತಿದ್ದ ಮಾತು. ನನ್ನ ಗುರುತು ಹಿಡಿದು ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ಮಿಸ್, ನೀವಾ?" ಅಂದಳು. ಟಿಕೆಟ್ ಕೈಗಿಟ್ಟು, "ಆದ್ರೂ ಒಳಗೆ ಹೋಗಿ ಮಿಸ್" ಅಂದಳು.

ಹೋದೆ. ಸೀಟು ಸಿಕ್ಕಿತು. ಕೂತ ಮೇಲೆ ಹಳೆಯದೆಲ್ಲ ಒಂದೊಂದಾಗಿ ನೆನಪಾಗಿ, ಪಕ್ಕದ ಸೀಟಿನವರು ನನ್ನನ್ನ ಅನುಮಾನದಿಂದ ನೋಡುವಷ್ಟು ನಗು ಬಂತು.

ಒದೆಯೋ ಹಸು

ನಾನು ಮೂಲದಲ್ಲಿ ಖೋ ಖೋ ಆಡಿದವಳು. ಸ್ಕೂಲಿಗೆ ಯಾರೋ ಪುಣ್ಯಾತ್ಮರು ಒಂದು ಫುಟ್‌ಬಾಲ್ ಕೊಟ್ಟರು. ಹುಡುಗರು ಕ್ರಿಕೆಟ್ ಬಿಟ್ಟು ಅಲ್ಲಾಡಲಿಲ್ಲ. ಚೆಂಡು ಹುಡುಗಿಯರ ಪಾಲಿಗೆ ಬಂತು, ಹುಡುಗಿಯರು ನನ್ನ ಪಾಲಿಗೆ ಬಂದರು.

ಆದರೆ ಟೀಮು ಕಟ್ಟೋಕೆ ಮನೆಯವರು ಒಪ್ಪಬೇಕಲ್ಲ. ವಕ್ಕಲೇರಿ ಕಡೆ ಒಂದು ಮನೆಗೆ ಹೋದೆ. ಹುಡುಗಿ ಓಡಿದರೆ ಗಾಳಿ, ಅವಳನ್ನ ಬಿಟ್ಟರೆ ಟೀಮೇ ಇಲ್ಲ. ಅವಳಪ್ಪ ಕೊಟ್ಟಿಗೆಯಲ್ಲಿ ಹಾಲು ಕರೀತಾ ಕೂತಿದ್ದ. ನಾನು ವಿಷಯ ಹೇಳಿದೆ. ತಲೆ ಎತ್ತದೆ ಅಂದ:

"ಒದೆಯೋದು ಕಲಿಸ್ತೀರಾ ಮೇಡಂ? ಒದೆಯೋ ಹಸುನೇ ಯಾರೂ ಕೊಳ್ಳಲ್ಲ. ಒದೆಯೋ ಹುಡುಗೀನ ಯಾರು ಕಟ್ಕೋತಾರೆ?"

ಜಗಲಿ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದ ಅವನ ತಾಯಿ ಬಾಯಿ ತೆಗೆದಳು. "ಏನ್ಲಾ, ಒದೆಯೋ ಹಸು ಹತ್ರ ಯಾರೂ ಬಾಲ ತಿರುಚೋಕೆ ಹೋಗಲ್ಲ ಕಣೋ. ಕಳ್ಸು ಅವಳನ್ನ."

"ನೀನು ಸುಮ್ನಿರಮ್ಮ."

"ಯಾಕ್ ಸುಮ್ನಿರ್ಲಿ? ನಿಮ್ಮಪ್ಪ ಇದ್ದಾಗ ಈ ಮೇಡಂ ಬಂದಿದ್ರೆ, ಮೊದಲು ನಾನೇ ಹೆಸರು ಕೊಡ್ತಿದ್ದೆ."

ಕೋಸಿನ ಲೋಡು

ಗೋಲ್‌ಕೀಪರ್ ಸಿಗೋದು ಬಹಳ ಕಷ್ಟ. ಚೆಂಡು ಬಂದರೆ ಹುಡುಗಿಯರು ಮುಖ ಮುಚ್ಚಿಕೊಂಡು ಕೂತುಬಿಡೋರು. ಒಂದು ದಿನ ಮಾಲೂರಿನ ಹತ್ತಿರ ಒಂದು ತೋಟದ ಪಕ್ಕ ಹೋಗುವಾಗ ಕಣ್ಣಿಗೆ ಬಿದ್ದಳು ನೋಡಿ, ಒಬ್ಬ ಹುಡುಗಿ. ಲಾರಿಗೆ ಎಲೆಕೋಸು ತುಂಬುತ್ತಿದ್ದರು. ಕೆಳಗಿನಿಂದ ಅವಳ ಅಣ್ಣಂದಿರು ಎಸೀತಾರೆ, ಇವಳು ಮೇಲೆ ನಿಂತು ಹಿಡೀತಾಳೆ. ಎಡಕ್ಕೆ ಬಂದರೂ ಸರಿ, ಬಲಕ್ಕೆ ಬಂದರೂ ಸರಿ, ಒಂದು ಕೋಸೂ ನೆಲಕ್ಕೆ ಬೀಳಲಿಲ್ಲ. ನಮ್ಮ ಸ್ಕೂಲಿಗೇ ಹೊಸದಾಗಿ ಸೇರಿದ ಎಂಟನೇ ಕ್ಲಾಸಿನವಳು ಅಂತ ಗೊತ್ತಾಯ್ತು. ಅಲ್ಲೇ ನಿಂತು ಅವಳ ಅಮ್ಮನನ್ನ ಒಪ್ಪಿಸಿಬಿಟ್ಟೆ.

ಮೊದಲ ಮ್ಯಾಚು. ಎದುರಿನ ಟೀಮಿನ ಹುಡುಗಿ ಗುಂಡು ಹೊಡೆದ ಹಾಗೆ ಒದ್ದಳು. ನಮ್ಮವಳು ಹಾರಿ, ಎರಡೂ ಕೈಯಲ್ಲಿ ಚೆಂಡನ್ನ ಹಿಡಿದಳು. ಜನ ಚಪ್ಪಾಳೆ ತಟ್ಟಿದರು. ನಾನು ಪಕ್ಕದಲ್ಲಿದ್ದ ಹೆಡ್‌ಮೇಷ್ಟ್ರಿಗೆ, "ನೋಡಿದ್ರಾ ಸಾರ್, ನಾನು ಹುಡುಕಿದ ಹುಡುಗಿ" ಅಂದೆ. ಅಂತಿದ್ದ ಹಾಗೇ ಅವಳು, ತಿರುಗಿ ಕೂಡ ನೋಡದೆ, ಆ ಚೆಂಡನ್ನ ತಲೆ ಮೇಲಿಂದ ಹಿಂದಕ್ಕೆ ಎಸೆದಳು. ನೇರ ನಮ್ಮ ಗೋಲಿನೊಳಕ್ಕೆ.

ಓಡಿಹೋಗಿ ಕೇಳಿದೆ. "ಏನೇ ಇದು? ಹಿಡಿದದ್ದನ್ನ ಯಾಕೆ ಹಿಂದಕ್ಕೆ ಎಸೆದೆ?"

ಅವಳೂ ಗಾಬರಿಯಾಗಿದ್ದಳು. "ಲಾರೀಲಿ ಹಿಂದೆ ನಮ್ಮ ಚಿಕ್ಕಪ್ಪ ಇರ್ತಾರೆ ಮಿಸ್. ಇಸ್ಕೊಂಡು ಜೋಡಿಸ್ತಾರೆ."

ಬಿಡಬೇಡ ಅವಳನ್ನ

ಶ್ರೀನಿವಾಸಪುರದ ಟೀಮಿನಲ್ಲಿ ಏಳನೇ ನಂಬರಿನ ಒಬ್ಬಳಿದ್ದಳು. ಅವಳ ಕಾಲಿಗೆ ಚೆಂಡು ಸಿಕ್ಕರೆ ನಮ್ಮ ಕಥೆ ಮುಗೀತು. ನಮ್ಮ ಟೀಮಿನ ಅತಿ ವಿಧೇಯ ಹುಡುಗಿಯನ್ನ ಕರೆದು ಹೇಳಿದೆ. "ನೀನು ಚೆಂಡಿನ ಕಡೆ ನೋಡಲೇಬೇಡ. ಆ ಏಳನೇ ನಂಬರ್ ಎಲ್ಲಿ ಹೋಗ್ತಾಳೋ ನೀನೂ ಅಲ್ಲೇ. ಬಿಡಬೇಡ ಅವಳನ್ನ."

ಬಿಡಲಿಲ್ಲ. ಏಳನೇ ನಂಬರಿಗೆ ಒಂದು ಚೆಂಡೂ ಸಿಗಲಿಲ್ಲ. ಆಟ ನಮ್ಮ ಕೈಗೆ ಬಂತು ಅಂದುಕೊಂಡೆ. ಮಧ್ಯಂತರ ಆದ ಮೇಲೆ ನೋಡ್ತೀನಿ, ನಮ್ಮವರು ಒಬ್ಬರು ಕಮ್ಮಿ ಇದ್ದಾರೆ. ಮೈದಾನವೆಲ್ಲ ಹುಡುಕಿದೆ. ಆಮೇಲೆ ಕಂಡಿತು. ಸುಸ್ತಾದಳು ಅಂತ ಏಳನೇ ನಂಬರನ್ನ ಅವರ ಮೇಷ್ಟ್ರು ಹೊರಗೆ ಕೂರಿಸಿದ್ದರು. ಅವರ ಬೆಂಚಿನಲ್ಲಿ, ಅವಳಿಗೆ ಅಂಟಿಕೊಂಡು ನಮ್ಮವಳು ಕೂತಿದ್ದಳು. ಇಬ್ಬರೂ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದರು.

"ಲೇ, ಬಾರೇ ಈಚೆ" ಅಂತ ಕೂಗಿದೆ.

"ಇವಳು ಇನ್ನೂ ಎದ್ದಿಲ್ಲ ಮಿಸ್" ಅಂದಳು.

ಗುಟ್ಟಿನ ಭಾಷೆ

ನಮ್ಮ ಹುಡುಗಿಯರಿಗೆಲ್ಲ ತೆಲುಗು ಬರುತ್ತೆ. ಒಮ್ಮೆ ಮೈಸೂರು ಕಡೆಯ ಟೀಮಿನ ಜೊತೆ ಆಡುವಾಗ ಉಪಾಯ ಮಾಡಿದೆವು. ಮೈದಾನದಲ್ಲಿ ಮಾತೆಲ್ಲ ತೆಲುಗಿನಲ್ಲೇ. ಎಡಕ್ಕೆ ಕೊಡು, ಬಲಕ್ಕೆ ಕೊಡು ಅಂತ ನಮ್ಮವರು ಕೂಗಿದರೆ ಆ ಮಕ್ಕಳು ಪಿಳಿಪಿಳಿ ಕಣ್ಣು ಬಿಡೋರು. ಸುಲಭವಾಗಿ ಗೆದ್ದೆವು.

ಆ ಗೆಲುವಿನ ಅಮಲಲ್ಲಿ ರಾಯಲ್ಪಾಡಿಗೆ ಆಡೋಕೆ ಹೋದೆವು. ಅಲ್ಲಿಂದ ನಾಲ್ಕು ಹೆಜ್ಜೆ ಇಟ್ಟರೆ ಆಂಧ್ರ ಅನ್ನೋದು ನನಗಾಗಲಿ ಹುಡುಗಿಯರಿಗಾಗಲಿ ಹೊಳೆಯಲೇ ಇಲ್ಲ. ಆಟ ಶುರುವಾಯ್ತು. ನಮ್ಮ ಕ್ಯಾಪ್ಟನ್ "ಎಡಮ ಪಕ್ಕ ಇಯ್ಯಿ" ಅಂತ ಕೂಗಿದಳು. ಎಡಗಡೆ ಕೊಡು ಅಂತ. ಎದುರಿನ ಟೀಮಿನ ಮೂವರು ಹುಡುಗಿಯರು ಎಡಗಡೆಗೆ ಹೋಗಿ ನಿಂತರು. ಆಟ ನೋಡೋಕೆ ಬಂದಿದ್ದ ಒಬ್ಬ ತಾತ ಮರದ ಕೆಳಗಿನಿಂದ ಕನಿಕರದಿಂದ ಹೇಳಿದರು. "ವದ್ದಮ್ಮಾ, ಆಡ ಮುಗ್ಗುರು ಉಂಡಾರು." ಬೇಡಮ್ಮ, ಅಲ್ಲಿ ಮೂರು ಜನ ಇದ್ದಾರೆ ಅಂತ.

ಮಧ್ಯಂತರದಲ್ಲಿ ಕ್ಯಾಪ್ಟನ್ ಬಂದಳು. "ತೆಲುಗು ಅವ್ರಿಗೆ ನಮಗಿಂತ ಚೆನ್ನಾಗಿ ಬರುತ್ತೆ ಮಿಸ್. ಕನ್ನಡಾನೂ ಬರುತ್ತೆ. ಇನ್ನು ಉಳಿದಿರೋದು ಇಂಗ್ಲಿಷ್."

"ಸರಿ, ಇಂಗ್ಲಿಷಲ್ಲೇ ಮಾತಾಡಿ" ಅಂದೆ.

ಆಮೇಲೆ ಆಟ ಮುಗಿಯೋವರೆಗೂ ನಮ್ಮ ಟೀಮಿನಿಂದ ಒಂದು ಮಾತೂ ಕೇಳಿಸಲಿಲ್ಲ.

ಹೆಣ್ಣು ನೋಡೋ ಭಾನುವಾರ

ಸ್ಕೂಲು ಮುಗಿಸಿ ಹೋದ ಹುಡುಗಿಯರದ್ದೂ ಒಂದು ಟೀಮಿತ್ತು, ಭಾನುವಾರ ಮಾತ್ರ ಸೇರೋರು. ಅದರಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡೋಳು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ್ದಳು. ಮನೆ ಮುಳಬಾಗಿಲಿನ ಪಕ್ಕದ ಹಳ್ಳಿ. ಮುಳಬಾಗಿಲಿನಲ್ಲೇ ಒಂದು ಫೈನಲ್ ಇದ್ದ ದಿನ ಬೆಳಿಗ್ಗೆ ಅವಳ ತಾಯಿ ನನಗೆ ಫೋನ್ ಮಾಡಿದರು. "ಮಧ್ಯಾಹ್ನ ಗಂಡಿನ ಕಡೆಯವರು ಬರ್ತಾರೆ ಮೇಡಂ. ಆಡಬೇಡ ಅನ್ನಲ್ಲ. ಮುಖಕ್ಕೆ ಮಾತ್ರ ಏಟಾಗದ ಹಾಗೆ ನೋಡ್ಕೊಳ್ಳಿ. ನೀವೇ ಕರ್ಕೊಂಡು ಬನ್ನಿ."

ಹುಡುಗಿ ಗಂಡಿನ ಫೋಟೋ ಕೂಡ ನೋಡಿರಲಿಲ್ಲ. "ಫೋಟೋದಲ್ಲಿ ಎಲ್ರೂ ಒಳ್ಳೆಯವರೇ ಮಿಸ್. ಆಟ ಬಿಡು ಅಂದ್ರೆ ಅಲ್ಲಿಗೆ ಮುಗೀತು, ನಾನು ಒಪ್ಪಲ್ಲ" ಅಂತ ಬೂಟಿನ ದಾರ ಬಿಗಿದಳು.

ಆಟ ಸಮಸಮ ನಡೀತಿತ್ತು. ಕೊನೆ ಹೊತ್ತಿನಲ್ಲಿ ಇವಳು ಚೆಂಡು ತಗೊಂಡು ಗೋಲಿನ ಹತ್ತಿರಕ್ಕೇ ನುಗ್ಗಿದಳು. ಹಿಂದಿನಿಂದ ಯಾರೋ ಕಾಲು ಕೊಟ್ಟರು. ಧೊಪ್ಪನೆ ಬಿದ್ದಳು. ಊರಿಗೆಲ್ಲ ಕಾಣೋ ಪೆನಾಲ್ಟಿ. ರೆಫರಿ ಕೈ ಬೀಸಿ, ಆಡಿ ಆಡಿ ಅಂದ. ಹೊಸ ಹುಡುಗ, ಎಲ್ಲೋ ಪಿ.ಟಿ. ಮೇಷ್ಟ್ರಂತೆ.

ನಮ್ಮವಳು ಮಣ್ಣು ಕೊಡವದೆ ಅವನ ಮುಂದೆ ಹೋಗಿ ನಿಂತಳು. "ಸಾರ್, ಊದೋಕೆ ಬಾಯಿದೆ, ನೋಡೋಕೆ ಕಣ್ಣಿಲ್ವಾ?"

ಅವನು ಜೇಬಿನಿಂದ ಹಳದಿ ಕಾರ್ಡ್ ತೆಗೆದು ತೋರಿಸಿದ.

"ಇದೊಂದು ಕಾಣುತ್ತೆ ನಿಮಗೆ" ಅಂದಳು.

ಅವನ ಕೈ ಮತ್ತೆ ಜೇಬಿಗೆ ಹೋಗೋದರೊಳಗೆ ನಾನು ಒಳಗೆ ಓಡಿ ಅವಳ ಬಾಯಿ ಮುಚ್ಚಿದೆ. ಮ್ಯಾಚು ಸೋತೆವು. ಆಟೋದಲ್ಲಿ ಮನೆ ಸೇರೋವರೆಗೂ ಅವನಿಗೆ ಪೂಜೆ ಮಾಡಿದಳು. ಅವನನ್ನ ಕಟ್ಕೊಳ್ಳೋಳು ಯಾವ ಜನ್ಮದ ಪಾಪ ಮಾಡಿದ್ದಾಳೋ ಅಂತಲೂ ಅಂದಳು.

ಮನೆಯಲ್ಲಿ ಗಡಿಬಿಡಿಯಿಂದ ಸ್ನಾನ, ರೇಷ್ಮೆ ಸೀರೆ. ತರಚಿದ ಮೊಣಕೈಗೆ ಉದ್ದ ತೋಳಿನ ರವಿಕೆ. ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದಳು, ಹಿಂದೆ ನಾನು. ಚಾಪೆ ಮೇಲೆ ತಾಯಿಗೂ ಸೋದರಮಾವನಿಗೂ ನಡುವೆ ಕೂತಿದ್ದ ಗಂಡು ತಲೆ ಎತ್ತಿದ. ಎತ್ತಿದವನೇ ಬಿಳುಚಿಕೊಂಡ. ಕೈ ತಾನಾಗಿ ಷರ್ಟಿನ ಜೇಬಿಗೆ ಹೋಯ್ತು.

ಇವಳ ಕೈಯಲ್ಲಿ ಲೋಟಗಳು ಗಲಗಲ ಅಂದವು. ನಾಚಿಕೆ ಅಂದುಕೊಂಡರು ಎಲ್ಲರೂ. ನನಗೆ ಮಾತ್ರ, ಕಾಫಿ ಅವನ ತಲೆ ಮೇಲೆ ಬೀಳುತ್ತೆ ಅನ್ನೋ ಭಯ.

ಗಂಡಿನ ಮಾವ ಸಂಪ್ರದಾಯದಂತೆ ಅಂದರು. "ಹುಡುಗನ್ನ ಏನಾದ್ರೂ ಕೇಳೋದಿದ್ರೆ ಕೇಳಮ್ಮ. ಸಂಕೋಚ ಬೇಡ."

ಅವಳು ತಟ್ಟೆ ಕೆಳಗಿಟ್ಟು ಕೇಳಿದಳು. "ಅದು ಪೆನಾಲ್ಟಿನೋ ಅಲ್ವೋ?"

ಮಾವ ಗಾಬರಿಯಾದರು. "ನಮ್ಮ ಕರೆಂಟ್ ಬಿಲ್ಲೆಲ್ಲ ಸರಿಯಾಗಿ ಕಟ್ಟಿದೆ ಕಣಮ್ಮ. ಪೆನಾಲ್ಟಿ ಯಾವುದೂ ಇಲ್ಲ."

ಗಂಡು ತಲೆ ತಗ್ಗಿಸಿಕೊಂಡೇ ಹೇಳಿದ. "ಪೆನಾಲ್ಟಿನೇ. ಧೂಳಲ್ಲಿ ಕಾಣಲಿಲ್ಲ. ದಾರಿ ಉದ್ದಕ್ಕೂ ಅದನ್ನೇ ಯೋಚಿಸ್ತಾ ಬಂದೆ."

ಇವಳ ಮುಖ ಸ್ವಲ್ಪ ಸಡಿಲವಾಯ್ತು. "ಮದುವೆ ಆದ್ಮೇಲೂ ನಾನು ಆಡ್ತೀನಿ."

"ಆಡಿ. ನೀವು ಆಡೋ ಮ್ಯಾಚಿಗೆ ನನ್ನನ್ನ ಮಾತ್ರ ರೆಫರಿ ಮಾಡಬೇಡಿ."

ಅಲ್ಲಿಗೆ ಸಂಬಂಧ ಗಟ್ಟಿಯಾಯ್ತು. ಮದುವೆಗೆ ನಮ್ಮ ಟೀಮೆಲ್ಲ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿತ್ತು. ಪುರೋಹಿತರು ಗಟ್ಟಿಮೇಳ ಅಂದರು. ವಾಲಗ ಮೊದಲಾಗುವ ಮುಂಚೆಯೇ ನಮ್ಮ ಪೋಲಿಯೊಬ್ಬಳು ಸಂತೋಷ ತಡೆಯಲಾರದೆ, ಸೆರಗಿನೊಳಗಿಂದ ಸೀಟಿ ತೆಗೆದು ಜೋರಾಗಿ ಊದಿಬಿಟ್ಟಳು. ಮದುಮಗ ತಾಳಿ ಹಿಡಿದ ಕೈಯನ್ನ ಅಲ್ಲೇ ನಿಲ್ಲಿಸಿ, ಏನಾಯ್ತು ಅಂತ ಸುತ್ತ ನೋಡತೊಡಗಿದ. ಮುಹೂರ್ತ ಮೀರುತ್ತೆ ಅಂತ ಪುರೋಹಿತರು ಒದ್ದಾಡಿದರು.

ಮದುಮಗಳು ತಗ್ಗಿಸಿದ ತಲೆ ಎತ್ತದೆ ಅಂದಳು. "ಫೌಲ್ ಏನೂ ಆಗಿಲ್ಲ, ಕಟ್ರೀ."