ವೈನಿಯ ಫರಸಿ, ನನ್ನ ಫಟಫಟಿ

ನನಗೂ ನನ್ನ ಫಟಫಟಿಗೂ ಒಂದೇ ಗುಣ: ಒಂದು ಕಡೆ ನಿಲ್ಲುವುದಿಲ್ಲ, ನಿಂತರೆ ಗುರುತು ಬಿಡದೆ ಏಳುವುದಿಲ್ಲ. ಹೀಗಾಗಿ ಇಂಥ ಪ್ರಸಂಗಗಳು ನಮ್ಮಿಬ್ಬರನ್ನೂ ಹುಡುಕಿಕೊಂಡೇ ಬರುತ್ತವೆ.

ಅಪ್ಪ ಬಿಟ್ಟುಹೋದ ಹಳೇ ಮೋಟರ್‌ಸೈಕಲ್ ಅದು; ಹಿಮಾಲಯ ಹತ್ತಿಸಿ ಇಳಿಸಿದ್ದೇನೆ. ಗಂಡಾಂತರ ಬಂದದ್ದು ಜಮಖಂಡಿಯಲ್ಲಿ, ಅಣ್ಣನ ಅಂಗಳಕ್ಕೆ ಹೊಸ ಫರಸಿಕಲ್ಲು ಹಾಸಿದ ಮೇಲೆ. ಕಲ್ಲಿನ ಮೇಲೆ ಎಣ್ಣೆಯ ಕಲೆ ಕಂಡ ವೈನಿ, ಅಂದರೆ ಅಣ್ಣನ ಹೆಂಡತಿ, "ಮಗಳ ಲಗ್ನ ಬರೂದ್ರಾಗ ಇದರ ಎಣ್ಣಿ ಸೋರೂದು ನಿಲ್ಲಬೇಕು. ಇಲ್ಲಂದ್ರ ಗುಜರಿಗೆ ಹಾಕಿಸ್ತೀನಿ, ನೋಡು," ಎಂದರು. ಜೊತೆಗೇ, ಬೀಳಗಿಯಲ್ಲಿರುವ ತವರಿನ ಅಣ್ಣನಿಗೆ ಮುಟ್ಟಿಸೆಂದು ಲಗ್ನದ ಕಾರ್ಡನ್ನೂ ನನ್ನ ಚೀಲಕ್ಕೆ ತುರುಕಿದರು.

ವಿಭೂತಿ

ಮುಧೋಳದ ಮಿಸ್ತ್ರಿ ಎಂಜಿನ್ ತೊಳೆದು ಒರೆಸಿ, "ಎಣ್ಣಿ ಎಲ್ಲಿಂದ ಬರತೈತಿ ಕಾಣಬೇಕಂದ್ರ ಬಿಳಿ ಪುಡಿ ಹಚ್ಚಬೇಕ್ರಿ, ಅಕ್ಕಾರ," ಎಂದ. ಪೌಡರ್ ಡಬ್ಬಿ ಖಾಲಿ. ಗೂಡಿನಲ್ಲಿದ್ದ ವಿಭೂತಿ ಗಟ್ಟಿಯನ್ನೇ ಪುಡಿ ಮಾಡಿ ಎಂಜಿನ್ ತುಂಬ ಬಳಿದ. ಎಲ್ಲಿ ಒದ್ದೆಯಾಗುತ್ತದೋ ಎಂದು ಇಬ್ಬರೂ ಅದರೆದುರು ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದೆವು. ಸಂತೆಗೆ ಹೊರಟ ಅಜ್ಜಿಯೊಬ್ಬಳು ಚಪ್ಪಲಿ ಬಿಟ್ಟು ಕೈಮುಗಿದು, ಬುಟ್ಟಿಯ ಚೆಂಡುಹೂವೊಂದನ್ನು ಪೆಟ್ರೋಲ್ ಟಾಕಿಯ ಮೇಲಿಟ್ಟಳು.

"ಅಮ್ಮಾ, ಇದು ದೇವರಲ್ಲ. ಎಣ್ಣಿ ಎಲ್ಲಿ ಹೋಗತೈತಿ ನೋಡಾಕತ್ತೇವಿ," ಎಂದ ಮಿಸ್ತ್ರಿ.

"ನೋಡ್ರಿ, ನೋಡ್ರಿ. ನಮ್ಮನಿ ದೇವರಿಗೂ ದಿನಾ ಎಣ್ಣಿ ಹಾಕತೇನಿ. ಎಲ್ಲಿ ಹೋಗತೈತೋ ನನಗೂ ತಿಳಿವಲ್ದು!"

ಹೆಚ್ಚಿನ ನಟ್ಟು

ಕ್ಲಚ್ ಬದಿಯ ಮುಚ್ಚಳದಿಂದ ಸೋರುತ್ತಿತ್ತು. ಬಿಚ್ಚಿದಾಗ, ನಟ್ಟು ಬೋಲ್ಟು ಹಾಕಿಟ್ಟ ತಟ್ಟೆಯಲ್ಲಿ ಹಿತ್ತಾಳೆಯ ಪುಟ್ಟ ನಟ್ಟೊಂದು ಹೆಚ್ಚಾಗಿ ಕಂಡಿತು. "ನಿಮ್ಮ ಗಾಡಿದ ಐತ್ರಿ. ಎಲ್ಲಿದು ಅನ್ನೂದು ಬನಹಟ್ಯಾಗ ಹೇಳ್ತಾರ," ಎಂದ ಮಿಸ್ತ್ರಿ. ನಟ್ಟು ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಬನಹಟ್ಟಿಗೆ ಹೋದೆ. ಮಗ್ಗ ರಿಪೇರಿಯವನು, "ಖರೆ ಹೇಳ್ತೇನ್ರಿ, ಇದು ಮಗ್ಗದ್ದು," ಎಂದ. ಪಂಪ್‌ಸೆಟ್ಟಿನವನು ಪಂಪಿನದೆಂದು ಆಣೆ ಮಾಡಿದ. ಇಷ್ಟು ದೇಶ ಸುತ್ತಿದ್ದೇನೆ, 'ಗೊತ್ತಿಲ್ಲ' ಎನ್ನುವ ರಿಪೇರಿಯವನನ್ನು ಎಲ್ಲೂ ಕಂಡಿಲ್ಲ.

ಸಂಜೆ ಮರಳಿದಾಗ ಮಿಸ್ತ್ರಿ ಸಪ್ಪಗೆ ಕೂತಿದ್ದ. "ನಿಮಗ ಛಾ ಮಾಡೂಣಂದ್ರ ಮುಂಜಾನಿಂದ ಸ್ಟೋವ್ ಹೊತ್ತವಲ್ದ್ರಿ... ಅಯ್ಯ, ನಿಮ್ಮ ಕೈಯಾಗ ಐತಲ್ರಿ ಅದರ ನಟ್ಟು!"

ಕಾರ್ಡು

ಎಣ್ಣೆ ಸೋರದಂತೆ ಮುಚ್ಚಳದ ಅಂಚಿಗೆ ಕೂಡಿಸುವ ದಪ್ಪ ಕಾಗದದ ಪ್ಯಾಕಿಂಗ್ ಹರಿದಿತ್ತು. ಅಷ್ಟು ಹಳೇ ಗಾಡಿಯದು ಅಂಗಡಿಯಲ್ಲಿ ಸಿಗುವುದಿಲ್ಲ. ಮರುದಿನ ನಾನು ಬರುವಷ್ಟರಲ್ಲಿ ಮಿಸ್ತ್ರಿ ಹೊಸದನ್ನು ಕತ್ತರಿಸಿ ಕೂಡಿಸಿಬಿಟ್ಟಿದ್ದ.

"ಏನ್ ಹಾಕಿದ್ಯೋ?"

"ನೀವು ಬಿಟ್ಟುಹೋದ ಚೀಲದಾಗ ಒಂದು ಛಲೋ ದಪ್ಪ ಕಾರ್ಡ್ ಇತ್ತಲ್ರಿ!"

ಚೀಲ ತಡಕಿದೆ; ಲಗ್ನದ ಕಾರ್ಡು ಇರಲಿಲ್ಲ. ವೈನಿಯ ಅಣ್ಣ ಎಂದರೆ ಮದುಮಗಳ ಸೋದರಮಾವ. ಮೂಲೆಗೆ ಅರಿಶಿಣ ಹಚ್ಚಿದ ಕಾರ್ಡು ಕೈಗೆ ಬಾರದಿದ್ದರೆ ಮದುವೆಯ ಹಂದರಕ್ಕೆ ಕಾಲಿಡುವವರಲ್ಲ. ಬೇರೆ ಕಾರ್ಡು ಉಳಿದಿರಲಿಲ್ಲ. ಅದೇ ಗಾಡಿಯಲ್ಲಿ ಬೀಳಗಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕನ್ನಡಕ ಏರಿಸಿ, ಮುಚ್ಚಳದ ಸುತ್ತ ಬೆರಳಾಡಿಸಿ, ಬೆರಳು ನೋಡಿಕೊಂಡರು. ಒಣ.

"ನನ್ನ ಹೆಸರು ಇದರೊಳಗ ಐತೇನು?"

"ಅರ್ಧ ಐತ್ರಿ, ಅಣ್ಣಾರ."

"ಹಂಗಾರ ಕಾರ್ಡ್ ಮುಟ್ಟಿತು," ಎಂದು ಗಾಡಿಯ ಕೀಲಿಗೆ ಕೈ ಚಾಚಿದರು. "ಕೊಟ್ಟ ಕಾರ್ಡ್ ತಿರುಗಿ ಒಯ್ಯೂ ಪದ್ಧತಿ ಇಲ್ಲ, ತಂಗಿ."

ನಾನು ಬಸ್ಸಿನಲ್ಲಿ ಜಮಖಂಡಿಗೆ ಬಂದೆ.

ಲಗ್ನದ ದಿನ ಅವರು ಕಾರ್ಡನ್ನು ಭಡಭಡ ಓಡಿಸಿಕೊಂಡು ಬಂದು ಹಂದರದೊಳಗೇ, ಹೊಸ ಫರಸಿಯ ನಡುವೆ ನಿಲ್ಲಿಸಿದರು. ತವರಿನ ಅಣ್ಣ ನಿಲ್ಲಿಸಿದ್ದನ್ನು ತೆಗೆಸಲಾಗದೆ ವೈನಿ ಅಕ್ಷತೆಯ ಅಕ್ಕಿಕಾಳು ಬೀಳುವವರೆಗೆ ಒಂದು ಕಣ್ಣು ಮಗಳ ಮೇಲೆ, ಒಂದು ಕಣ್ಣು ಎಂಜಿನ್ ಕೆಳಗೆ ಇಟ್ಟಿದ್ದರು. ಒಂದು ಹನಿಯೂ ಬೀಳಲಿಲ್ಲ.

"ಏನ್ರಿ ವೈನಿ, ಗುಜರಿಗೆ ಹಾಕಿಸೂದೇನು?"

"ಗುಜರಿ ಮಾತ ಬಿಡು," ಎಂದರು ವೈನಿ. "ಮಗಳ ಲಗ್ನಕ್ಕ ಫಟಫಟಿ ಕಾರ್ಡ್ ಆತು. ಮಗನ ಲಗ್ನಕ್ಕ ನಮ್ಮಣ್ಣ ಟ್ರ್ಯಾಕ್ಟರ್ ಕೇಳಿದ್ರ ಎಲ್ಲಿಂದ ತರ್ಲಿ?"