ಚೀಲದಲ್ಲಿ ಬಂದ ಕಡಲು

ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಲಂಡನ್ನಿನ ಈ ಕಿಂಗ್ಸ್‌ಬರಿಯಲ್ಲಿ ಯಾರೂ ಇಲ್ಲ ಎಂಬುದು ನನ್ನ ನಮ್ರ ಅಭಿಪ್ರಾಯ. ಪಾರ್ಕ್ ರಾಯಲ್‌ನ ಒಂದು ಗೋದಾಮಿನಲ್ಲಿ ಹನ್ನೊಂದು ವರ್ಷದಿಂದ ಲಾರಿಗಳಿಗೆ ಸರಕು ಹೇರಿಸುವವನು ನಾನು. ಈಗ ಶಿಫ್ಟ್ ಸೂಪರ್‌ವೈಸರ್. ಯಾವ ಲಾರಿ ಎಷ್ಟು ಗಂಟೆಗೆ ಬರುತ್ತದೆ, ಯಾವ ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತದೆ, ಎಲ್ಲವೂ ನನ್ನ ಬೆರಳ ತುದಿಯಲ್ಲಿ. ಅಂಥವನಿಗೆ ಒಬ್ಬ ಹೆಂಡತಿ, ಒಬ್ಬ ಮಗಳು, ಈ ಎರಡೇ ನಗವನ್ನು ಒಂದು ಶನಿವಾರ ಕಡಲಜೀವಿಗಳ ಪಾರ್ಕಿಗೆ ಸಾಗಿಸಿ, ಸುರಕ್ಷಿತವಾಗಿ ವಾಪಸ್ ತರುವುದು ಯಾವ ಮಹಾ ಕೆಲಸ? ಹಾಗೆಂದು ತಿಳಿದಿದ್ದೆ.

ಪಾರ್ಕಿನ ಬೇಡಿಕೆ ಮಗಳು ಸಾನ್ವಿಯದು. ಹತ್ತು ವರ್ಷದ ಈ ಹುಡುಗಿಗೆ ಬೇಸಿಗೆ ರಜೆ ಶುರುವಾದಾಗಿನಿಂದ ಪೆಂಗ್ವಿನ್ ಜಪ. ಆದರೆ ಅದೇ ಶನಿವಾರ ನೂಲ ಹುಣ್ಣಿಮೆ. ಅಲ್ಲಿಂದ ಹೆಂಡತಿ ವಿನೋದಳ ಬೇಡಿಕೆ ಶುರುವಾಯಿತು.

ನಾವಿಬ್ಬರೂ ಗಂಗೊಳ್ಳಿಯವರು. ಇಬ್ಬರದೂ ಮೀನುಗಾರರ ಮನೆ. ನೂಲ ಹುಣ್ಣಿಮೆಯ ದಿನ ನಮ್ಮಲ್ಲಿ ಸಮುದ್ರ ಪೂಜೆ. ಮಳೆಗಾಲವಿಡೀ ಹೆಡೆಯೆತ್ತಿದ್ದ ಕಡಲಿಗೆ ಹಾಲು ಬಿಟ್ಟು, ತೆಂಗಿನಕಾಯಿ ತೇಲಿಬಿಟ್ಟು, ನಮ್ಮ ಮಕ್ಕಳನ್ನು ಕಾಪಾಡು ಎಂದು ಕೇಳಿಕೊಳ್ಳುತ್ತೇವೆ. ವಿನೋದಳ ತವರಿನಲ್ಲಿ ಆ ಹಾಲು ಬಿಡುವವಳು ಮನೆಯ ಹಿರಿಯ ಹೆಂಗಸು. ಅಷ್ಟು ವರ್ಷ ನನ್ನ ಅತ್ತೆ ಬಿಟ್ಟರು. ಬಿಟ್ಟು ಮನೆಗೆ ಬಂದ ಕೂಡಲೇ ಲಂಡನ್ನಿಗೆ ಫೋನ್ ಮಾಡಿ, ‘ಎರಡ್ ವರ್ಷ ಮುಗಿತಾ ಅಳಿಯ?’ ಎಂದು ನಗುತ್ತಿದ್ದರು. ಕಳೆದ ಚಳಿಗಾಲ ಅತ್ತೆ ತೀರಿಕೊಂಡರು. ಮನೆಯಲ್ಲಿ ಈಗ ಇರುವವನು ವಿನೋದಳ ತಮ್ಮ ರಘು ಒಬ್ಬನೇ. ಇನ್ನೂ ಮದುವೆಯಾಗಿಲ್ಲ. ಈ ವರ್ಷ ಮೊದಲ ಬಾರಿಗೆ ಅವನೇ ದೋಣಿಯ ತಂಡೇಲ, ಅಂದರೆ ಚುಕ್ಕಾಣಿ ಹಿಡಿದು ಏಳು ಜನರ ಜೀವಕ್ಕೆ ಹೊಣೆಯಾಗುವವನು. ಭಾನುವಾರ ಬೆಳಗಿನ ಜಾವ ದೋಣಿ ಇಳಿಯುವುದಿತ್ತು.

“ನಮ್ಮನಿ ಹಾಲ್ ಬೀಳ್ದೆ ನಮ್ಮನಿ ದೋಣಿ ಇಳ್ದದ್ದೇ ಇಲ್ಲೆ,” ಎಂದಳು ವಿನೋದ. “ಅಬ್ಬಿ ಇಲ್ಲೆ. ಇನ್ನ್ ನಾನೇ ಬಿಡ್ಕ್.” ಅಬ್ಬಿ ಎಂದರೆ ನಮ್ಮ ಕಡೆ ಅಮ್ಮ.

“ಇಲ್ಲಿಂದ?”

“ಕಡ್ಲ್ ಎಲ್ಲ್ ಇದ್ರೂ ಒಂದೇ ಅಲ್ದಾ? ಇಲ್ಲ್ ಬಿಟ್ರೆ ಅಲ್ಲಿಗ್ ಹೋತ್ತ್. ರೈಲ್‌ನಂಗೆ ಒಂದ್ ಗಂಟೆ ಹೋರೆ ಕಡ್ಲ್ ಸಿಕ್ಕತ್ತ್ ಅಂಬ್ರ್.”

ನಾನು ನಕ್ಕೆ. ಯೋಜನಾ ತಜ್ಞರು ನಗುವ ನಗು. ರೈಲಿನಲ್ಲಿ ಒಂದು ಗಂಟೆ ಹೋದರೆ ಕಡಲೇನೋ ಇದೆ, ಆದರೆ ಅಲ್ಲಿ ಪೆಂಗ್ವಿನ್ ಇಲ್ಲ. ಪಾರ್ಕಿನಲ್ಲಿ ಪೆಂಗ್ವಿನ್ನೂ ಇದೆ, ತೊಟ್ಟಿ ತೊಟ್ಟಿ ತುಂಬಾ ಕಡಲೂ ಇದೆ. ಒಂದೇ ಕಲ್ಲಿಗೆ ಎರಡು ಹಕ್ಕಿ. ಅದರಲ್ಲಿ ಒಂದು ಪೆಂಗ್ವಿನ್!

“ಅದ್ ಕಡ್ಲಿನ್ ನೀರೇ? ಖಂಡಿತಾ?”

“ಪೈಪ್ ಹಾಕಿ ತರ್ತ್ರ್ ಮಾರಾಯ್ತಿ. ಇದ್ ಲಂಡನ್ ಅಲ್ದಾ? ನೀ ಬಿಟ್ಟ್ ಹಾಲ್ ಅದೇ ಪೈಪಂಗೆ ಸೀದಾ ಕಡ್ಲಿಗ್ ಹೋತ್ತ್.”

ಈ ಪೈಪಿನ ವಿಚಾರ ನನಗೆ ಯಾರು ಹೇಳಿದರು ಎಂದು ಯಾರೂ ಕೇಳಬೇಡಿ. ಆ ಕ್ಷಣದಲ್ಲಿ ಹೊಳೆಯಿತು, ಹೇಳಿದೆ. ವಿನೋದ ನಂಬಿದಳು. ಹನ್ನೆರಡು ವರ್ಷ ಸಂಸಾರ ಮಾಡಿದ ಮೇಲೂ ನನ್ನನ್ನು ನಂಬುತ್ತಾಳಲ್ಲ, ಅದು ಅವಳ ದೊಡ್ಡ ಗುಣ.

ಯೋಜನೆ ಸಿದ್ಧವಾಯಿತು. ಎಡಗಡೆ ಸಮಯ, ಬಲಗಡೆ ಕಾರ್ಯಕ್ರಮ, ಕೆಳಗೆ ಸೂಚನೆಗಳು. ಆಫೀಸಿನ ಯಂತ್ರದಲ್ಲಿ ಅದನ್ನು ಲ್ಯಾಮಿನೇಟ್ ಮಾಡಿಸಿ ಫ್ರಿಜ್ಜಿಗೆ ಅಂಟಿಸಿದೆ. ವಿನೋದ ಅದನ್ನು ಓದಿ, “ಹ್ವಾಯ್, ಶನಿವಾರ ಒಂಬತ್ರಿಂದ ಹತ್ತೂವರೆ ರಾಹುಕಾಲ,” ಎಂದಳು. ನಾನು ಪ್ರವೇಶ ಕಾಯ್ದಿರಿಸಿದ್ದು ಒಂಬತ್ತೂ ಮುಕ್ಕಾಲಕ್ಕೆ! ಬುಕಿಂಗ್ ಬದಲಿಸಿದೆ. ಬದಲಿಸುವಾಗ ಸಾನ್ವಿಯನ್ನು ವಯಸ್ಕಳನ್ನಾಗಿಯೂ ನನ್ನನ್ನು ಮಗುವನ್ನಾಗಿಯೂ ನಮೂದಿಸಿದೆ. ಮತ್ತೆ ಬದಲಿಸಿದೆ. ಮೂರನೆಯ ಸಲ ವೆಬ್‌ಸೈಟು ಒಂದು ಚೌಕ ತೋರಿಸಿ ಏನೋ ಕೇಳಿತು. ಪಾರ್ಕಿನ ನಕ್ಷೆ ಇರಬೇಕೆಂದು ಟಿಕ್ ಹಾಕಿದೆ. ಲ್ಯಾಮಿನೇಟ್ ಆದ ಹಾಳೆಯಲ್ಲಿ ತಿದ್ದಲು ಬಾರದು ಎಂಬ ಸತ್ಯ ಆಗ ತಿಳಿಯಿತು. ಹೊಸ ಹಾಳೆ ಮಾಡಿಸಿದೆ.

ಶನಿವಾರ ಹತ್ತೂ ಮುಕ್ಕಾಲಕ್ಕೆ ಸರಿಯಾಗಿ ಗೇಟಿನಲ್ಲಿದ್ದೆವು. ಫ್ಲಾಸ್ಕಿನಲ್ಲಿ ಹಾಲು, ವಿನೋದಳ ಕೈಚೀಲದಲ್ಲಿ ಅತ್ತೆಯ ಹಿತ್ತಾಳೆ ಲೋಟ, ಸೌತ್‌ಹಾಲ್‌ನ ಭಾರತೀಯ ಅಂಗಡಿಯಿಂದ ತಂದು ಅರಿಶಿನ ಕುಂಕುಮ ಹಚ್ಚಿದ ತೆಂಗಿನಕಾಯಿ. ಚೀಲ ತಪಾಸಣೆ ಮಾಡುವವನು ಕಾಯಿಯನ್ನು ಎತ್ತಿ, ಅಲ್ಲಾಡಿಸಿ, ಕಿವಿಗೆ ಹಿಡಿದು ನೋಡಿದ.

“ವಾಟ್ ಈಸ್ ಇಟ್ ಫಾರ್, ಸರ್?”

“ಫ್ಯಾಮಿಲಿ,” ಎಂದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ. ಅವನು ಒಳಗೆ ಬಿಟ್ಟ.

ಒಳಗೆ ಹೋದರೆ ಕೌಂಟರಿನ ಹುಡುಗಿ ನನ್ನ ಕೊರಳಿಗೆ ಒಂದು ಬಿಲ್ಲೆ ತೂಗುಹಾಕಿ ಅಭಿನಂದಿಸಿದಳು. ನಾನು ಟಿಕ್ ಹಾಕಿದ್ದು ನಕ್ಷೆಗಲ್ಲ, ಪೆಂಗ್ವಿನ್‌ಗಳಿಗೆ ಸ್ವಹಸ್ತದಿಂದ ಊಟ ಬಡಿಸುವ ಯೋಗಕ್ಕೆ! ಹನ್ನೆರಡು ಗಂಟೆಗೆ. ಒಬ್ಬರಿಗೆ. ವಯಸ್ಕರಿಗೆ ಮಾತ್ರ.

ಸಾನ್ವಿಯ ಮುಖ ನೋಡಲಾಗಲಿಲ್ಲ. “ಡ್ಯಾಡ್, ಯೂ ಡೋಂಟ್ ಈವನ್ ಲೈಕ್ ಪೆಂಗ್ವಿನ್ಸ್!”

“ನಿಂಗೋಸ್ಕರ ಫೋಟೋ ತೆಗಿತೆ,” ಎಂದೆ. ಅವಳು ಇನ್ನೊಂದು ಕಡೆ ತಿರುಗಿ ನಿಂತಳು.

ವಿನೋದಳಿಗೆ ಇದರಿಂದ ಅನುಕೂಲವೇ ಆಯಿತು. ಗಾಳಿಪಟದಂತೆ ಚಪ್ಪಟೆಯಾದ ತೊರಕೆ ಮೀನುಗಳನ್ನು ಮಕ್ಕಳು ಕೈಯಿಂದ ಮುಟ್ಟಬಹುದಾದ ಒಂದು ತೆರೆದ ಕೊಳ ಅಲ್ಲಿತ್ತು. “ನೀವ್ ಅಲ್ಲ್ ಬಡ್ಸಿ, ನಾ ಇಲ್ಲ್ ಹಾಲ್ ಬಿಡ್ತೆ,” ಎಂದು ಮಗಳನ್ನು ಕರೆದುಕೊಂಡು ಆ ಕಡೆ ಹೋದಳು. ನಾನು ನನ್ನ ಅಳತೆಗಿಂತ ಎರಡು ಪಟ್ಟು ದೊಡ್ಡ ರಬ್ಬರ್ ಬೂಟು ಹಾಕಿಕೊಂಡು, ಕೈಯಲ್ಲಿ ಬಕೆಟ್ ಹಿಡಿದು ಪೆಂಗ್ವಿನ್‌ಗಳ ಮುಂದೆ ನಿಂತೆ.

ಬಕೆಟ್ಟಿನೊಳಗೆ ನೋಡಿದೆ. ಬೈಗೆ! ಮಂಗಳೂರಿನವರು ಬೂತಾಯಿ ಎನ್ನುತ್ತಾರಲ್ಲ, ಅದೇ ಮೀನು; ಅಲ್ಲದಿದ್ದರೆ ಅದರ ತಮ್ಮ. ಕಣ್ಣು ಹೊಳೆಯುತ್ತಿತ್ತು, ಕಿವಿರು ಕೆಂಪಗಿತ್ತು, ಮೈ ಬೆಳ್ಳಗೆ ಮಿಂಚುತ್ತಿತ್ತು. ಹನ್ನೊಂದು ವರ್ಷದಿಂದ ಐಸಿನಲ್ಲಿ ಕಲ್ಲಾದ ಮೀನು ತಿಂದು ಬದುಕಿದ ಈ ಬಡಜೀವಕ್ಕೆ ಇಷ್ಟು ತಾಜಾ ಮೀನು ಕಾಣಸಿಕ್ಕಿದ್ದು ಇದೇ ಮೊದಲು. ಅದೂ ಪೆಂಗ್ವಿನ್‌ಗಳ ಪಾಲಿನದು! ಗಂಗೊಳ್ಳಿಯ ಬಂದರಿನಲ್ಲಿ ಅಪ್ಪ ಬುಟ್ಟಿ ಇಳಿಸುವಾಗ ಬರುತ್ತಿದ್ದ ವಾಸನೆಯೇ ಅದು. ನನ್ನ ಕೈ ಬಕೆಟ್ಟಿನಲ್ಲೇ ನಿಂತುಬಿಟ್ಟಿತು.

ಪಕ್ಕದಲ್ಲಿದ್ದ ಪೆಂಗ್ವಿನ್ ಪಾಲಕಿ ಮೆಲ್ಲಗೆ ಹೇಳಿದಳು: “ಸರ್, ದೇ ಆರ್ ವೇಟಿಂಗ್.”

ಹದಿನಾಲ್ಕು ಪೆಂಗ್ವಿನ್‌ಗಳು ನನ್ನನ್ನೇ ನೋಡುತ್ತಿದ್ದವು. ಒಂದಂತೂ ಬೂಟನ್ನೇ ಕುಕ್ಕಿತು. ಬಡಿಸಿದೆ. ಒಳ್ಳೆಯ ಮನಸ್ಸಿನಿಂದ ಬಡಿಸಿದೆನೆಂದು ಪ್ರಮಾಣ ಮಾಡಿ ಹೇಳಲಾರೆ.

ಬಡಿಸಿ ಮುಗಿಸಿ ಹಿಂಬದಿಯ ಉಗ್ರಾಣದ ಮೂಲಕ ಹೊರಗೆ ಬರುವಾಗ ಗೋಡೆಯ ಪಕ್ಕದಲ್ಲಿ ಒಂದು ಪ್ಯಾಲೆಟ್, ಅಂದರೆ ಸರಕು ಪೇರಿಸುವ ಮರದ ಮಣೆ, ಕಂಡಿತು. ನೀಲಿ ಪಟ್ಟಿಯ ಬಿಳಿ ಚೀಲಗಳು. ತಲಾ ಇಪ್ಪತ್ತೈದು ಕೆ.ಜಿ. ಸುತ್ತಿದ ಪ್ಲಾಸ್ಟಿಕ್ಕಿನ ಮೇಲೆ ಮಾರ್ಕರಿನಲ್ಲಿ ಗೀಚಿದ ಸಹಿ. ಎಲ್ಲೋ ನೋಡಿದ ಸಹಿ! ಹತ್ತಿರ ಹೋದೆ. ನನ್ನದೇ ಸಹಿ. ಮಂಗಳವಾರ ನಾಲ್ಕನೇ ಬಾಗಿಲಿನಿಂದ ನಾನೇ ಹೇರಿಸಿ ಕಳಿಸಿದ ಸರಕು.

“ಏನಿದು?” ಎಂದು ಪಾಲಕಿಯನ್ನು ಕೇಳಿದೆ.

“ಅದಾ? ಅದೇ ನಮ್ಮ ಸಮುದ್ರ,” ಎಂದು ಇಂಗ್ಲಿಷಿನಲ್ಲಿ ನಗುತ್ತ ಹೇಳಿದಳು. ನಲ್ಲಿ ನೀರು ತುಂಬಿಸಿ ಆ ಚೀಲದಲ್ಲಿರುವ ಉಪ್ಪು ಕದಡಿದರೆ ಆಯಿತಂತೆ. ಒಂದು ತೊಟ್ಟಿಗೂ ಕಡಲಿಗೂ ಸಂಬಂಧವಿಲ್ಲ. ಪೈಪೂ ಇಲ್ಲ, ಗೀಪೂ ಇಲ್ಲ.

ಕಡಲನ್ನು ಬಿಟ್ಟು ಬಂದೆ ಎಂದು ಹನ್ನೊಂದು ವರ್ಷ ಕೊರಗಿದ್ದೆ. ವಾರಕ್ಕೊಂದು ಸಲ ಕಡಲನ್ನು ಫೋರ್ಕ್‌ಲಿಫ್ಟಿನಲ್ಲಿ ಎತ್ತಿ ಲಾರಿಗೆ ತುಂಬಿಸುತ್ತಿದ್ದವನು ನಾನೇ!

ಆಗ ವಿನೋದಳ ನೆನಪಾಯಿತು. ಓಡಿದೆ. ಆ ಬೂಟಿನಲ್ಲಿ ಓಡುವುದೆಂದರೆ ಎರಡು ಕೊಡಪಾನಗಳಲ್ಲಿ ಕಾಲಿಟ್ಟು ಓಡಿದಂತೆ. ಕೈಯಲ್ಲಿ ಖಾಲಿ ಬಕೆಟ್ ಢಣಢಣ. ತೊರಕೆ ಕೊಳದ ಅಂಚಿನಲ್ಲಿ ವಿನೋದ ಕಣ್ಣು ಮುಚ್ಚಿ ನಿಂತಿದ್ದಳು. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಹಾಲಿನ ಲೋಟ. ತುಟಿ ಅಲ್ಲಾಡುತ್ತಿತ್ತು.

“ಬಿಡ್ಬೇಡಾ!” ಎಂದು ಕಿರುಚಿದೆ.

ಅವಳು ಬೆಚ್ಚಿಬಿದ್ದಳು. ಲೋಟ ಉಳಿಯಿತು. ಕಾಯಿ ಬಿತ್ತು. ಗುಳುಂ! ತೊರಕೆಗಳು ದಿಕ್ಕಾಪಾಲಾದವು. ಮಕ್ಕಳು ಚಪ್ಪಾಳೆ ತಟ್ಟಿದರು. ಬಲೆ ಹಿಡಿದು ಓಡಿ ಬಂದ ಸಿಬ್ಬಂದಿಯೊಬ್ಬ ಕಾಯಿಯನ್ನು ಮೂರನೇ ಪ್ರಯತ್ನಕ್ಕೆ ಹಿಡಿದು, ನೀರು ಸೋರುತ್ತಿದ್ದಂತೆ ಮೇಲೆತ್ತಿ, ಅತ್ಯಂತ ಸೌಜನ್ಯದಿಂದ, “ಈಸ್ ದಿಸ್ ಯುವರ್ ಕೋಕೊನಟ್, ಸರ್?” ಎಂದ. ಸುತ್ತ ನಿಂತ ಜನರಲ್ಲಿ ಕುಂಕುಮ ಹಚ್ಚಿದ ಕಾಯಿಗೆ ವಾರಸುದಾರರಂತೆ ಕಾಣುವವರು ನಾವೊಬ್ಬರೇ ಇದ್ದೆವು. ಅಷ್ಟೇ ಸೌಜನ್ಯದಿಂದ ನಮ್ಮನ್ನು ಹೊರಗಿನ ಬಾಗಿಲಿನವರೆಗೆ ಬೀಳ್ಕೊಟ್ಟರು.

ಬಸ್‌ಸ್ಟಾಪಿನಲ್ಲಿ ವಿನೋದಳಿಗೆ ಚೀಲದ ವಿಷಯ ಹೇಳಿದೆ.

“ಹಾಂಗಾರೆ ಅದ್ ಕಡ್ಲಲ್ಲ.”

“ಅಲ್ಲ.”

“ಪೈಪ್?”

“ಇಲ್ಲೆ.”

ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲೋಟದ ಹಾಲನ್ನು ಒಂದು ಹನಿ ಚೆಲ್ಲದೆ ಫ್ಲಾಸ್ಕಿಗೆ ವಾಪಸ್ ಸುರಿದು, ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತಳು. ಅಮ್ಮ ಸತ್ತಾಗ ಅವಳಿಗೆ ಊರಿಗೆ ಹೋಗಲಾಗಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳು ತನಗಾಗಿ ಬೇಕೆಂದು ಕೇಳಿದ್ದು ಈ ಒಂದು ಲೋಟ ಹಾಲಿನ ಜಾಗ. ಅದನ್ನೂ ನಾನು ಪೆಂಗ್ವಿನ್ ಜೊತೆ ಸೇರಿಸಿ ಹಾಳು ಮಾಡಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು.

ಬಸ್ಸು ಪಟ್ನಿ ಸೇತುವೆಯ ಹತ್ತಿರ ಬಂದಾಗ ಥೇಮ್ಸ್ ಕಂಡಿತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ನನಗೆ ಇಡೀ ನದಿಯೇ ಸಿಕ್ಕಿತು!

“ಇಳಿರಿ! ನದಿ ಅಂದ್ರೆ ಕಡ್ಲಿಗೇ ಹೋಪುದಲ್ದಾ?”

ದೋಣಿ ಇಳಿಸುವ ಇಳಿಜಾರಿನಲ್ಲಿ ನೀರಿನ ಅಂಚಿಗೆ ಹೋದೆವು. ವಿನೋದ ಬಗ್ಗಿ ನೀರು ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಕಾಯಿ ಕಿತ್ತುಕೊಂಡು, “ಹೋಯ್ತ್ ಕಾಣ್, ಸೀದಾ ಗಂಗೊಳ್ಳಿಗೆ!” ಎಂದು ಬೀಸಿ ಎಸೆದೆ.

ಕಾಯಿ ಮುಳುಗಿತು, ಎದ್ದಿತು, ಒಂದು ಸುತ್ತು ಸುತ್ತಿತು. ಆಮೇಲೆ ಗಂಭೀರವಾಗಿ ಕಡಲಿಗೆ ಬೆನ್ನು ಹಾಕಿ, ಪಶ್ಚಿಮಕ್ಕೆ, ನದಿ ಹುಟ್ಟುವ ದಿಕ್ಕಿಗೆ ಹೊರಟಿತು!

“ಡ್ಯಾಡ್,” ಎಂದಳು ಸಾನ್ವಿ, “ದ ಟೈಡ್ ಈಸ್ ಕಮಿಂಗ್ ಇನ್. ವೀ ಡಿಡ್ ದಿಸ್ ಇನ್ ಇಯರ್ ಫೈವ್.” ಕಡಲಿನ ಉಬ್ಬರ ಲಂಡನ್ನಿನ ಹೊಟ್ಟೆಯೊಳಗೆ ದಿನಕ್ಕೆರಡು ಸಲ ಬಂದು ಹೋಗುತ್ತದಂತೆ. ಹನ್ನೊಂದು ವರ್ಷದಿಂದ ಆ ನದಿಯ ಅಡಿಯಲ್ಲಿ ಟ್ಯೂಬ್ ರೈಲಿನಲ್ಲಿ ತೂಕಡಿಸುತ್ತ ಓಡಾಡಿದವನಿಗೆ ಅದು ಗೊತ್ತಿರಲಿಲ್ಲ. ತಲೆತಲಾಂತರದಿಂದ ನೀರು ನೋಡಿ ದೋಣಿ ಇಳಿಸಿದ ವಂಶ ನನ್ನದು!

ಏನೋ ಸದ್ದಾಯಿತು. ತಿರುಗಿ ನೋಡಿದರೆ ವಿನೋದ ನಗುತ್ತಿದ್ದಳು. ಸೊಂಟ ಹಿಡಿದುಕೊಂಡು ನಗುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

“ಅದನ್ನೇ ಹೇಳೂಕ್ ಹೋದೆ ಮಾರಾಯ್ರೆ, ನೀವ್ ಬಿಟ್ರೆ ಅಲ್ದಾ? ನೀರ್ ಏರ್ತಾ ಇತ್ತ್. ಹುಣ್ಮಿ ನೀರ್. ಗ್ವಾಡಿ ಕಾಣಿ,” ಎಂದು ದಡದ ಗೋಡೆಯ ಮೇಲಿನ ಪಾಚಿಯ ಗೆರೆ ತೋರಿಸಿದಳು. “ಇದ್ ಕಡ್ಲೇ. ಇಲ್ಲಿವರೆಗೆ ಅದೇ ಬಂದಿತ್ತ್.” ಆಮೇಲೆ ಮೆಟ್ಟಿಲ ಮೇಲೆ ಕುಳಿತು, “ನೀರ್ ಇಳೀಲಿ. ಕಾಂಬ,” ಎಂದಳು.

ಎರಡು ಗಂಟೆ ಕಾದೆವು. ಲ್ಯಾಮಿನೇಟ್ ಹಾಳೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಅಬ್ಬಿ ಹೇಗೆ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದು ಹಾಲು ಬಿಡುತ್ತಿದ್ದಳು ಎಂದು ವಿನೋದ ಹೇಳುತ್ತಿದ್ದಳು. ಸಾನ್ವಿ ಇಂಗ್ಲಿಷಿನಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಿದ್ದಳು. ಪೆಂಗ್ವಿನ್ ಸುದ್ದಿ ಬರಲೇ ಇಲ್ಲ.

ನಾಲ್ಕು ಗಂಟೆ ದಾಟಿದ ಮೇಲೆ ನೀರು ಒಂದು ಗಳಿಗೆ ಸುಮ್ಮನೆ ನಿಂತು, ಮೆಲ್ಲಗೆ ಪೂರ್ವಕ್ಕೆ ತಿರುಗಿತು. ವಿನೋದ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಆ ತಣ್ಣನೆಯ ಕೆಸರು ನೀರಿಗೆ ಇಳಿದಳು. ಹಾಲು ಬಿಟ್ಟಳು. ಒಂದು ಬಿಳಿ ಎಳೆ ಕ್ಷಣ ಹೊತ್ತು ಕಂಡು, ಕರಗಿ ಹೋಯಿತು. ಅವಳು ಅಲ್ಲಿಯೇ ನಿಂತು ತಮ್ಮನಿಗೆ ಫೋನ್ ಮಾಡಿದಳು. ಅಲ್ಲಿ ಆಗ ರಾತ್ರಿ ಊಟದ ಹೊತ್ತು.

“ಅಕ್ಕ, ಹಾಲ್ ಬಿಟ್ಯಾ?” ಸ್ಪೀಕರಿನಲ್ಲಿ ರಘುವಿನ ದನಿ ಕೇಳಿಸಿತು.

“ಬಿಟ್ಟೆ. ಬತ್ತಾ ಇತ್ತ್ ಮಗಾ. ಸ್ವಲ್ಪ ದೂರ, ಅಷ್ಟೇ. ನೀ ಹೆದರ್ಬೇಡ, ಹೋಯ್ ಬಾ.”

“ಹ್ಞೂಂ,” ಎಂದ ಅವನು. ಆಮೇಲೆ ಕೇಳಿದ: “ಭಾವ ಎಲ್ಲ್?”

“ಅವ್ರಾ? ತೆಂಗಿನ್ಕಾಯಿ ಕಾಯ್ತಾ ಇದ್ರ್.”

ನಿಜ. ನಾನು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದೆ. ಇಳಿತ ಶುರುವಾದರೆ ಕಾಯಿ ಹೋದ ದಾರಿಯಲ್ಲೇ ವಾಪಸ್ ಬರಲೇಬೇಕು, ಇದು ನನ್ನ ಲೆಕ್ಕಾಚಾರ. ಎರಡು ಬಾತುಕೋಳಿ ಬಂದವು. ಒಂದು ಬಾಟಲಿ ಬಂತು. ಯಾರದೋ ಚಪ್ಪಲಿ ಬಂತು.

ಸಾನ್ವಿ ನನ್ನ ತೋಳು ಜಗ್ಗಿದಳು. “ಡ್ಯಾಡ್, ಇಟ್ಸ್ ನಾಟ್ ಕಮಿಂಗ್ ಬ್ಯಾಕ್.”

“ಬತ್ತ್ ಮಗಾ. ಖಂಡಿತಾ ಬತ್ತ್.”

ನೀರಿನಲ್ಲಿ ನಿಂತಿದ್ದ ವಿನೋದ ತಿರುಗಿ ನನ್ನ ಮುಖ ನೋಡಿದಳು. ‘ಎರಡೇ ವರ್ಷ ಅತ್ತೆ, ಖಂಡಿತಾ ವಾಪಸ್ ಬತ್ತೊ’ ಎಂದು ಹನ್ನೊಂದು ವರ್ಷದ ಹಿಂದೆ ಗಂಗೊಳ್ಳಿಯಲ್ಲಿ ಅವಳ ತವರಿನ ಅಂಗಳದಲ್ಲಿ ನಿಂತು ಹೇಳಿದವನೂ ನಾನೇ. ಅದಕ್ಕೂ ಒಂದು ಯೋಜನೆ ಹಾಕಿದ್ದೆ. ಲ್ಯಾಮಿನೇಟ್ ಕೂಡ ಮಾಡಿಸಿದ್ದೆ!