ಹೆಗ್ಗಣಕ್ಕೆ ಹನ್ನೆರಡು ಪಾಯಿಂಟು

ಸ್ನಾನದ ಮನೆಗೆ ಹೋದ ಮೇಲೂ ಹಾಡು ಬರದ ಮನುಷ್ಯ ಈ ಲೋಕದಲ್ಲಿ ಅಪರೂಪ. ಎಂಥ ಒಡಕು ಗಂಟಲಿನವನೂ ಮೈಮೇಲೆ ಎರಡು ಚೊಂಬು ನೀರು ಬಿದ್ದರೆ ಆಸ್ಥಾನ ವಿದ್ವಾಂಸನಾಗುತ್ತಾನೆ. ಇದಕ್ಕೆ ಕಾರಣ ಅವನ ಗಂಟಲಲ್ಲ, ಗೋಡೆಯ ಟೈಲ್ಸು. ಅದು ದನಿಯನ್ನು ನುಂಗುವುದಿಲ್ಲ. ಒಂದಿಷ್ಟು ಹೊಳಪು ಹಚ್ಚಿ ವಾಪಸ್ಸು ಕೊಡುತ್ತದೆ. ಈ ಮಾತನ್ನು ನಾನು ಅಧಿಕಾರದಿಂದ ಹೇಳಬಲ್ಲೆ. ಏಕೆಂದರೆ ಮೆಲ್ಬರ್ನಿನ ಪಶ್ಚಿಮ ದಿಕ್ಕಿನ ಅರ್ಧ ಜನ ದಿನಾ ಬೆಳಗ್ಗೆ ಹಾಡುತ್ತಿರುವುದು ನಾನು ಕೂರಿಸಿದ ಟೈಲ್ಸಿನ ನಡುವೆ. ಅರ್ಧ ಎಂದದ್ದು ಹೆಚ್ಚಾಯಿತೆಂದು ನನ್ನ ಹೆಂಡತಿ ಶೋಭಾ ಹೇಳುತ್ತಾಳೆ. ಆಗಲಿ, ಕಾಲು ಎಂದಿಟ್ಟುಕೊಳ್ಳಿ. ಇಷ್ಟು ಮಂದಿಗೆ ಹಾಡುವ ಜಾಗ ಕಟ್ಟಿಕೊಟ್ಟ ನನಗೆ ಮಾತ್ರ ಹಾಡು ಬರುವುದಿಲ್ಲ. ಹುಬ್ಬಳ್ಳಿಯ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಮಾಸ್ತರರು ನನ್ನ ಕಿವಿಯ ಹತ್ತಿರ ಬಗ್ಗಿ, "ಈರಣ್ಣಾ, ನೀ ಬರೇ ಬಾಯಿ ಆಡಸಪಾ, ದನಿ ಬ್ಯಾಡ" ಎಂದಿದ್ದರು. ಏಳನೆಯ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಅದರ ಕಾರಣ ಬೇರೆ. ಆದರೆ ಆಮೇಲೆ ಪ್ರಾರ್ಥನೆ ಬಹಳ ಸುಧಾರಿಸಿತೆಂದು ಕೇಳಿದ್ದೇನೆ.

ಇಂಥ ನಾನು ಈ ಸಲ ಒಂದು ಇಡೀ ದೇಶದ ಹಾಡನ್ನು ಗೆಲ್ಲಿಸಲು ಹೊರಟೆ. ಅದಕ್ಕೆ ಮೂಲ ನಮ್ಮ ಮಗಳು ಸಹನಾ. ಅವಳಿಗೆ ಓದು ಮುಗಿಯುತ್ತಲೇ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು, ಹ್ಯಾರಿಸ್ ಪಾರ್ಕ್‌ನಲ್ಲಿ ಒಂದು ರೂಮೂ ಸಿಕ್ಕಿತು. ಮೆಲ್ಬರ್ನಿನ ವೆರಿಬೀಯ ನಮ್ಮ ಮನೆಯಿಂದ ಸಾಮಾನು ಹೇರಿಕೊಂಡು ನಾನೇ ವ್ಯಾನಿನಲ್ಲಿ ಬಿಟ್ಟುಬರಲು ಹೋಗಿದ್ದೆ. ಬೀದಿಯ ಆ ಕಡೆ ಜಿಲೇಬಿ, ಈ ಕಡೆ ದೋಸೆ. ಮಗಳು ಉಪವಾಸ ಬೀಳುವುದಿಲ್ಲ ಎಂದು ಸಮಾಧಾನವಾಯಿತು. ಆದರೆ ನನ್ನ ಕೈ ಸುಮ್ಮನಿರಬೇಕಲ್ಲ. ಬಾತ್‌ರೂಮಿಗೆ ಹೋಗಿ ಗೋಡೆಯನ್ನು ಬೆರಳ ಗಿಣ್ಣಿನಿಂದ ತಟ್ಟಿದೆ. ನಲ್ಲಿಯ ಮೇಲಿನ ಒಂದು ಟೈಲು ಟೊಳ್ಳು ದನಿ ಕೊಟ್ಟಿತು. "ಸಹನಾ, ಇದು ಇವತ್ತಿಲ್ಲ ನಾಳೆ ಬೀಳತೈತಿ. ಎರಡು ದಿನ ಇದ್ದು ಸರಿ ಮಾಡಿ ಹೋಗ್ತೀನಿ" ಎಂದೆ. "ಪಪ್ಪಾ, ಇಟ್ಸ್ ಅ ರೆಂಟಲ್. ಪ್ಲೀಸ್ ಗೋ ಹೋಮ್" ಎಂದಳು. ನಾನು ಗೋ ಹೋಮ್ ಮಾಡಿದೆ. ದಾರಿಯುದ್ದಕ್ಕೂ ಆ ಟೈಲು ಕಣ್ಣ ಮುಂದೆ ಇತ್ತು. ಮಗಳು ಕಣ್ಣ ಮುಂದೆ ಇದ್ದಳು ಎನ್ನಲು ಗಂಡಸರಿಗೆ ನಾಚಿಕೆ, ಅದಕ್ಕೆ ಟೈಲು ಎನ್ನುತ್ತೇನೆ.

ಆಮೇಲಿಂದ ಭಾನುವಾರಕ್ಕೊಂದು ಫೋನು. "ಊಟ ಆತೇನವಾ?" "ಯಾ, ಪಪ್ಪಾ." "ಥಂಡಿ ಐತೇನು?" "ನಾಟ್ ರಿಯಲಿ." ಅಲ್ಲಿಗೆ ನಮ್ಮಿಬ್ಬರ ಸರಕು ಮುಗಿಯುತ್ತಿತ್ತು. "ಮಮ್ಮಿಗೆ ಕೊಡ್ಲಿ?" ಎಂದರೆ, "ಓಕೆ" ಎನ್ನುವ ದನಿಯಲ್ಲಿ ಒಂದು ಬಿಡುಗಡೆ ಇರುತ್ತಿತ್ತು. ಅವರಮ್ಮನೊಡನೆ ಮಾತ್ರ ಒಲೆಯ ಮೇಲಿನ ಪಲ್ಯ ಸೀದು ಕರಕಾಗುವ ತನಕ ಮಾತು. ಟೈಲಿನ ಹಿಂದೆ ಗಾರೆ ಸರಿಯಾಗಿ ಕೂರದೆ ಗಾಳಿ ಸೇರಿಕೊಂಡರೆ ಹೊರಗಿನಿಂದ ಏನೂ ಕಾಣುವುದಿಲ್ಲ, ತಟ್ಟಿದಾಗ ಮಾತ್ರ ಗೊತ್ತಾಗುತ್ತದೆ. ನಮ್ಮ ಫೋನಿನ ದನಿ ಹಾಗಿತ್ತು. ದೀಪಾವಳಿಗೆ ಬಂದು ಹೋದವಳು ಮತ್ತೆ ಈ ಕಡೆ ಬಂದಿರಲಿಲ್ಲ. ಸಿಟ್ಟಲ್ಲ, ಜಗಳವಲ್ಲ, ನಮ್ಮಿಬ್ಬರ ನಡುವೆ ಮಾತಾಡುವಂಥ ವಿಷಯವೇ ಇರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಅವಳೇ, ಅದೂ ಕನ್ನಡದಲ್ಲಿ, "ಪಪ್ಪಾ, ಈ ವರ್ಷ ನಮ್ ಸಾಂಗ್ ಕೇಳಿಯೇನು?" ಎಂದಳು. ಯಾವ ಸಾಂಗು ಎಂದೆ. ಯೂರೋಪಿನವರು ವರ್ಷಕ್ಕೊಮ್ಮೆ ಟೀವಿಯಲ್ಲಿ ಹಾಡಿನ ಸ್ಪರ್ಧೆ ನಡೆಸುತ್ತಾರಂತೆ. ಒಂದೊಂದು ದೇಶದಿಂದ ಒಂದೊಂದು ಹಾಡು. ಆಸ್ಟ್ರೇಲಿಯಾದ್ದೂ ಒಂದು.

"ಆಸ್ಟ್ರೇಲಿಯಾ ಯಾವಾಗ ಯೂರೋಪಿಗೆ ಹೋತವಾ?"

"ದೇ ಇನ್ವೈಟೆಡ್ ಅಸ್, ಪಪ್ಪಾ. ಒಂದ್ ವರ್ಷ ಗೆಸ್ಟ್ ಅಂತ ಕರದ್ರು. ಆಮೇಲೆ ನಾವು ಹೋಗ್ಕೋತನೇ ಇದ್ದೀವಿ."

ನನಗೆ ಆ ಹಾಡಿನ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು. ನಾನೂ ಈ ದೇಶಕ್ಕೆ ಹಾಗೇ ಬಂದವನು. ಕರೆದದ್ದು ಶೋಭಾಳನ್ನು, ನರ್ಸ್ ಬೇಕಾಗಿದ್ದಳು. ಗಂಡ ಎಂಬ ಹೆಸರಿನಲ್ಲಿ ನಾನು ಅವಳ ವೀಸಾದ ಹಿಂದೆ ಅಂಟಿಕೊಂಡು ಬಂದೆ. ಬೀಗರ ಮದುವೆಗೆ ಉಣ್ಣಲು ಹೋದವನು ಬಡಿಸಲು ನಿಂತ ಹಾಗೆ, ಕೆಲಸ ಕಲಿತು ಇಲ್ಲಿಯವನೇ ಆದೆ. ಹೊರಗಿನಿಂದ ಬಂದು ಪಂಕ್ತಿಯಲ್ಲಿ ಕೂತವರ ಕಷ್ಟ ನನಗೆ ಗೊತ್ತಿಲ್ಲವೇ?

"ಬಟ್ ಪಪ್ಪಾ, ನಮಗೆ ವೋಟ್ಸ್ ಬರೋದು ಕಷ್ಟ. ಅಲ್ಲಿ ನೇಬರ್ಸ್ ಎಲ್ಲಾ ಒಬ್ಬರಿಗೊಬ್ಬರು ಹಾಕ್ಕೋತಾರ. ನಮಗೆ ನೇಬರ್ಸ್ ಯಾರದಾರ? ಬರೇ ನೀರು."

"ವೋಟಿನ ಚಿಂತಿ ನನಗ ಬಿಡು" ಎಂದೆ. ಅವಳು ಏನೋ ಹೇಳಲು ಹೋಗಿ ಸುಮ್ಮನಾದಳು. ಮಗಳಿಗೆ ಕಂಠ ತುಂಬಿ ಬಂದಿರಬೇಕು ಎಂದು ನಾನು ತಿಳಿದೆ.

ವೋಟು ಹಾಕಿಸುವುದರಲ್ಲಿ ನನಗೆ ಅನುಭವವಿದೆ. ಹಿಂದೆ ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳು ಟೀವಿಯ ಹಾಡಿನ ಸ್ಪರ್ಧೆಗೆ ಹೋದಾಗ ಇಡೀ ಓಣಿ ಮೊಬೈಲು ಹಿಡಿದು ಕೂತಿತ್ತು. ಕಿವಿ ಕೇಳದ ಗಿರಣಿ ಕಾಕಾ ಕೂಡ, "ಭಾಳ ಚಲೋ ಹಾಡ್ತಾಳ" ಎಂದು ಮೆಸೇಜು ಒತ್ತುತ್ತಿದ್ದ. ನಮ್ಮ ಹುಡುಗಿಗೆ ನಾವಲ್ಲದೆ ಮತ್ಯಾರು ಹಾಕುತ್ತಾರೆ? ಅದೇ ಲೆಕ್ಕದಲ್ಲಿ ನಾನು ವಾಟ್ಸಾಪ್ ಗ್ರೂಪ್ ಮಾಡಿದೆ. ವೆರಿಬೀಯ ದಿನಸಿ ಅಂಗಡಿಯಲ್ಲಿ ಹೆಸರುಬೇಳೆ ಆರಿಸುತ್ತಿದ್ದವರನ್ನು ಹಿಡಿದೆ. ಕನ್ನಡ ಕೂಟದ ಊಟದಲ್ಲಿ ಮೈಕು ಕೇಳಿದೆ. ಹಾಡುತ್ತೇನೆಂದು ಹೆದರಿ ಕೊಡಲಿಲ್ಲ, ಆದ್ದರಿಂದ ಕೂಗಿ ಹೇಳಿದೆ. ಊರಿನ ಇನ್ನೊಂದು ತುದಿಯ ಗ್ಲೆನ್ ವೇವರ್ಲಿಯಲ್ಲಿ ಮೈಸೂರಿನ ರಾಘವೇಂದ್ರ ಎಂಬ ಇಂಜಿನಿಯರ ಮನೆಯ ಬಾತ್‌ರೂಮಿನಲ್ಲಿ ಆಗ ನನ್ನ ಕೆಲಸ ನಡೆದಿತ್ತು. ಅವರನ್ನೂ ಬಿಡಲಿಲ್ಲ.

"ರಾಘವೇಂದ್ರ ಅವರ, ಫೈನಲ್ ದಿನ ನಸಿಕಿನ್ಯಾಗ, ಯೂರೋಪಿನ್ಯಾಗ ರಾತ್ರಿ ಇರೂ ಹೊತ್ತಿಗೆ, ನಮ್ಮ ಮನಿಗೆ ಬರಬೇಕ್ರಿ. ದೇಶದ ಕೆಲಸ ಐತಿ."

"ದೇಶದ ಕೆಲಸ ಇರ್ಲಿ ಈರಣ್ಣೋರೆ, ನಮ್ಮನೆ ಕೆಲಸ ಯಾವಾಗ ಮುಗಿಯುತ್ತೆ? ಪಕ್ಕದ್ಮನೇಲಿ ಸ್ನಾನ ಮಾಡಿ ಮಾಡಿ ಅವರಿಗೂ ನಮ್ಮ ಟವೆಲ್ ಗುರುತು ಸಿಗ್ತಿದೆ."

"ನೀವು ಬರ್ತೀನಿ ಅನ್ರಿ, ನಾಳೆನೇ ಮುಗಸ್ತೀನಿ."

"ಬೆಳಗಿನ ಜಾವ ಎದ್ದು ಹಾಡು ಕೇಳೋಕೆ ನಂಗೇನ್ ಹುಚ್ಚಾ? ಕ್ರಿಕೆಟ್ ಆದ್ರೆ ಬೇರೆ."

"ಗಿರ್ಮಿಟ್ಟು, ಮಿರ್ಚಿ ಭಜಿ ಐತ್ರಿ."

"ಚಹಾನೂ ಇರುತ್ತಾ?" ಎಂದರು. ನಾನು ಗ್ರೂಪಿಗೆ ಸೇರಿಸಿಕೊಂಡೆ.

ಮನೆಯಲ್ಲಿ ಶೋಭಾ, "ಏನ್ರೀ, ಹಾಡಂದ್ರ ಏನಂತ ಗೊತ್ತೈತೇನ್ರೀ ನಿಮಗ?" ಎಂದಳು. "ಹಾಡೂದು ಅವರ ಕೆಲಸ, ವೋಟು ಹಾಕೂದು ನನ್ನ ಕೆಲಸ. ಇದಕ್ಕ ಪ್ರಜಾಪ್ರಭುತ್ವ ಅಂತಾರ" ಎಂದೆ. "ಭಜಿ ಕರಿಯೂದು ಯಾರ ಕೆಲಸ?" ಎಂದಳು. ಪ್ರಜಾಪ್ರಭುತ್ವದಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರವಿಲ್ಲ.

ಇಷ್ಟರಲ್ಲಿ ನನಗೆ ತಿಳಿಯದಂತೆ ಇನ್ನೊಂದು ಸಂಗತಿ ನಡೆಯುತ್ತಿತ್ತು. ಇವತ್ತು ಯಾರನ್ನು ಒಪ್ಪಿಸಿದೆ ಎಂದು ವರದಿ ಕೊಡಲು ನಾನು ಸಹನಾಳಿಗೆ ದಿನಾ ಸಂಜೆ ಫೋನು ಮಾಡತೊಡಗಿದೆ. ಅವಳು ರಾಘವೇಂದ್ರರ ಟವೆಲಿನ ಕಥೆಯನ್ನು ಎರಡೆರಡು ಸಲ ಹೇಳಿಸಿ ನಗುತ್ತಿದ್ದಳು. ಬೇರೆ ದೇಶಗಳ ಹಾಡಿನ ವಿಡಿಯೋ ಕಳಿಸುತ್ತಿದ್ದಳು. ನಾನು ವ್ಯಾನಿನಲ್ಲಿ ಹಾಕಿಕೊಂಡು, "ಇವರು ಸ್ಟೇಜಿನ ಮ್ಯಾಲೆ ಬೆಂಕಿ ಹಚ್ಚಿದಾರ, ಆದರ ಧಾಟಿ ಚಲೋ ಇಲ್ಲ" ಎಂದು ಅಭಿಪ್ರಾಯ ಕೊಡುತ್ತಿದ್ದೆ. ಎಲ್ಲಕ್ಕಿಂತ ಚೆನ್ನಾದ ಹಾಡಿಗೆ ಒಂದೊಂದು ದೇಶವೂ ಹನ್ನೆರಡು ಪಾಯಿಂಟು ಕೊಡುತ್ತದೆ ಎಂದು ಅವಳು ಕಲಿಸಿದಳು. ಹಾಡಿನಿಂದ ಆಫೀಸಿಗೆ, ಆಫೀಸಿನಿಂದ ಅವಳ ಸಿಡುಕು ಮ್ಯಾನೇಜರಿಗೆ ಮಾತು ಹರಿಯಿತು. ಈಗ ಶೋಭಾ ಪಕ್ಕದಲ್ಲಿ ನಿಂತು, "ನನಗೂ ಸ್ವಲ್ಪ ಕೊಡ್ರೀ" ಎಂದು ಕೈಚಾಚುವ ಹಾಗಾಯಿತು. ಒಂದು ಸಂಜೆ ಸಹನಾ, "ಪಪ್ಪಾ, ನಾವು ಕ್ವಾಲಿಫೈ ಆದ್ರೆ ಫೈನಲ್‌ಗೆ ನಾನೂ ಮನೀಗೆ ಬರ್ತೀನಿ" ಎಂದಳು.

ಅಂದರೆ ಸೆಮಿಫೈನಲಿನಲ್ಲಿ ಹಾಡು ಬಿದ್ದರೆ ಮಗಳು ಬರುವುದಿಲ್ಲ. ಅಲ್ಲಿಯವರೆಗೆ ದೇಶದ ಮಾನ ಎನ್ನುತ್ತಿದ್ದವನಿಗೆ ಈಗ ನಿಜವಾದ ನಡುಕ ಹುಟ್ಟಿತು. ಸೆಮಿಫೈನಲಿನ ಬೆಳಗ್ಗೆ ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿದ್ದೆ. ವೋಟಿನ ಬಲವನ್ನೆಲ್ಲ ಫೈನಲಿಗೆಂದು ಕಾದಿರಿಸಿದ್ದರಿಂದ ಇವತ್ತು ದೇವರೇ ಗತಿ. ವ್ಯಾನು ಪಕ್ಕಕ್ಕೆ ನಿಲ್ಲಿಸಿ ಹಣಮಪ್ಪನಿಗೆ ಕಾಯಿ ಹರಕೆ ಹೊತ್ತೆ. ಯೂರೋಪಿನ ಹಾಡಿನ ವಿಷಯವನ್ನು ಹಣಮಪ್ಪನಿಗೆ ಹೇಗೆ ವಿವರಿಸುವುದೆಂದು ತೊಡಕಾಯಿತು. "ಮಗಳು ಮನಿಗೆ ಬರೂ ವಿಷಯ ಐತೆಪಾ" ಎಂದಷ್ಟೇ ಹೇಳಿದೆ. ಅವನಿಗೆ ತಿಳಿಯಿತು. ಸ್ವಲ್ಪ ಹೊತ್ತಿಗೆ "ವಿ ಆರ್ ಇನ್!!" ಎಂದು ಸಹನಾಳ ಮೆಸೇಜು ಬಂತು. ಅಂದು ರಾಘವೇಂದ್ರರ ಬಾತ್‌ರೂಮು ಮುಗಿಸಿಬಿಟ್ಟೆ.

ಫೈನಲಿನ ದಿನ ಹೊರಗೆ ಇನ್ನೂ ಕತ್ತಲೆ, ಹಲ್ಲು ಕಟಕಟ ಎನ್ನುವ ಚಳಿ. ಹಿಂದಿನ ಸಂಜೆಯೇ ಬಂದಿದ್ದ ಸಹನಾ ನನ್ನ ಹಳೆಯ ಸ್ವೆಟರು ಹಾಕಿಕೊಂಡು ಸೋಫಾದ ನಡುವೆ ಕೂತಿದ್ದಳು. ಹಾಲ್ ತುಂಬ ಜನ. ಕಂಬಳಿ ಹೊದ್ದವರು, ಕೂಸು ಎತ್ತಿಕೊಂಡವರು, ಮಿರ್ಚಿ ಭಜಿಯ ವಾಸನೆಗೆ ಮಾತ್ರ ಕಣ್ಣು ತೆರೆಯುವವರು. ನಮ್ಮ ಹಾಡು ಬಂದಾಗ ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ಆ ಹೊಗೆ, ಆ ಬೆಳಕು, ಅಷ್ಟು ದೂರದ ವೇದಿಕೆಯ ಮೇಲೆ ನಮ್ಮ ದೇಶದ ಹೆಸರು! ವೋಟು ಹಾಕುವ ಸಮಯವಾಗಿದೆ ಎಂದು ತೆರೆಯ ಮೇಲೆ ಬಂತು. ನಾನು ಟೀವಿಯ ಮುಂದೆ ನಿಂತು, "ಎಲ್ಲಾರೂ ಫೋನ್ ತಗೀರಿ! ಎಣ್ಣಿ ಕೈ ಒರಿಸ್ಕೋರಿ! ಹಾಕ್ರಿ ಆಸ್ಟ್ರೇಲಿಯಾಕ್ಕ!" ಎಂದು ಅಪ್ಪಣೆ ಕೊಟ್ಟೆ.

ಎಲ್ಲರ ತಲೆ ಬಗ್ಗಿತು. ಸ್ವಲ್ಪ ಹೊತ್ತಿಗೆ ರಾಘವೇಂದ್ರ, "ಈರಣ್ಣೋರೆ, ಎಲ್ಲಾ ದೇಶಾನೂ ಇದೆ, ಆಸ್ಟ್ರೇಲಿಯಾ ಮಾತ್ರ ಇಲ್ವಲ್ಲ" ಎಂದರು.

"ಕೆಳಗ ಸರಸಿ ನೋಡ್ರಿ."

"ಕೆಳಗೂ ಇಲ್ಲ, ಮೇಲೂ ಇಲ್ಲ."

"ನಿಮ್ಮ ಫೋನ್ ಸರಿ ಇಲ್ಲ. ಇಂಜಿನಿಯರ್ ಆಗಿ ಒಂದು ಚಲೋ ಫೋನ್ ಇಟ್ಕೋಬಾರದೇನ್ರಿ?"

ಆಗ ಸೋಫಾದಿಂದ ಸಣ್ಣ ದನಿ ಬಂತು. "ಪಪ್ಪಾ... ಯು ಕಾಂಟ್ ವೋಟ್ ಫಾರ್ ಯುವರ್ ಓನ್ ಕಂಟ್ರಿ. ಅದು ರೂಲ್."

ನನ್ನ ಮುಖ ಒಲೆಯ ಮೇಲಿನ ಬಾಣಲೆಯ ಹಾಗೆ ಕಾಯತೊಡಗಿತು. ಇಷ್ಟು ಮಂದಿಯನ್ನು ಹಾಸಿಗೆಯಿಂದ ಎಬ್ಬಿಸಿ ತಂದು, ಹಾಕಲು ಬಾರದ ವೋಟಿಗೆ ಕೂರಿಸಿದ್ದೆ. "ನಿನಗ ಮೊದಲ ಗೊತ್ತಿತ್ತೇನು?" ಎಂದೆ. ತಲೆಯಾಡಿಸಿದಳು. "ಮತ್ತ ಯಾಕ ಹೇಳಲಿಲ್ಲ?"

ಅವಳು ಸ್ವೆಟರಿನ ತೋಳು ಎಳೆದುಕೊಂಡಳು. "ನೀ ದಿನಾ ಫೋನ್ ಮಾಡ್ತಿದ್ದಿ, ಪಪ್ಪಾ. ಹೇಳಿದ್ರೆ ಸ್ಟಾಪ್ ಮಾಡ್ತಿ ಅನಿಸ್ತು."

ಅಷ್ಟರಲ್ಲಿ ಶೋಭಾ ಅಡಿಗೆಮನೆಯಿಂದ ಭಜಿ ಕರಿಯುವ ಜಾರೆ ಹಿಡಿದೇ ಬಂದು, "ಹಂಗಾದ್ರ ಏನಾತೀಗ? ಆಗಲೇ ಹೊಟ್ಟಿ ಮ್ಯಾಲೆ ಹಾರ್ಮೋನಿಯಂ ಕಟ್ಕೊಂಡು ಒಬ್ಬ ದಪ್ಪನ ಮನಶ್ಯಾ ಬಂದಿದ್ದನಲ್ಲ, ಪಾಪ, ಭಾಳ ಬೆವರಿದ್ದ. ಅವಂಗ ಹಾಕ್ರಿ. ಎದ್ದು ಬಂದದ್ದು ದಂಡ ಆಗಬಾರದು" ಎಂದಳು. ಅದು ಯಾವ ದೇಶವೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಹನಾ ಹುಡುಕಿ ಹೇಳಿದಳು. ನಮ್ಮವರ ಬೆರಳುಗಳೆಲ್ಲ ಆ ಬೆವರಿದವನ ಪರವಾಗಿ ಆಡಿದವು.

ಆಮೇಲೆ ಒಂದೊಂದು ದೇಶದವರು ತೆರೆಯ ಮೇಲೆ ಬಂದು ಪಾಯಿಂಟು ಹಂಚತೊಡಗಿದರು. ನಮ್ಮ ಹಾಡು ಗೆಲ್ಲಲಿಲ್ಲ, ಕೊನೆಯ ಸ್ಥಾನಕ್ಕೂ ಬೀಳಲಿಲ್ಲ. ಮದುವೆ ಫೋಟೋದಲ್ಲಿ ನಾನು ನಿಲ್ಲುವ ಹಾಗೆ ನಡುವೆ ಎಲ್ಲೋ ನಿಂತಿತು. ಆದರೆ ನಾನು ಹೆಸರೂ ಕೇಳಿರದ ಊರಿನಿಂದ ಯಾರೋ ಆಸ್ಟ್ರೇಲಿಯಾಕ್ಕೆ ಪಾಯಿಂಟು ಕೊಟ್ಟಾಗಲೆಲ್ಲ ನನ್ನ ಎದೆ ಉಬ್ಬುತ್ತಿತ್ತು. ಅವರ ಓಣಿಯವರಲ್ಲ ನಾವು, ಬೀಗರಲ್ಲ; ಆದರೂ ಹಾಕಿದರಲ್ಲ! ಆಗ ಆ ರೂಲು ಮಾಡಿದವನ ಬುದ್ಧಿಗೆ ತಲೆದೂಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ನಮ್ಮ ಗಾದೆ ಯೂರೋಪಿಗೂ ತಲುಪಿರಬೇಕು. ನಮ್ಮ ಹೆಗ್ಗಣಕ್ಕೆ ನಾವೇ ಪಾಯಿಂಟು ಕೊಟ್ಟುಕೊಂಡರೆ ಯಾರು ನಂಬುತ್ತಾರೆ?

ಹಾರ್ಮೋನಿಯಂನವನಿಗೆ ನಮ್ಮ ದೇಶದ ಜನರ ವೋಟೂ ಒಂದಿಷ್ಟು ಸೇರಿತೆಂದು ಎಲ್ಲರೂ ಕುಣಿದರು. ರಾಘವೇಂದ್ರ ಹೊರಡುವಾಗ, "ಮುಂದಿನ ವರ್ಷ ರೂಲ್ಸ್ ಓದ್ಕೊಂಡು ಕರೀರಿ" ಎಂದವರು, ಬಾಗಿಲಲ್ಲಿ ನಿಂತು, "ಕರೀದೆ ಮಾತ್ರ ಇರಬೇಡಿ" ಎಂದರು. ಅವರ ಜೇಬಿನಲ್ಲಿ ಕಾಗದ ಸುತ್ತಿದ ಎರಡು ಭಜಿ ಇದ್ದವು. ಸಹನಾ, "ಮುಂದಿನ ವರ್ಷ ಸಿಡ್ನಿಯಲ್ಲಿ, ನನ್ ರೂಮಲ್ಲಿ ನೋಡೋಣು. ಬರೋವಾಗ ಕರಣೆ ತಗೊಂಡು ಬಾ ಪಪ್ಪಾ, ಆ ಟೈಲ್ ಬಿದ್ದೈತಿ" ಎಂದಳು. ಮುಂದಿನ ವರ್ಷದ ತನಕ ಗೋಡೆ ಕಾಯುವುದಿಲ್ಲ, ಮುಂದಿನ ತಿಂಗಳೇ ಬರುತ್ತೇನೆ ಎಂದೆ. "ಓಕೆ" ಎಂದಳು. ಇದು ಆ ಹಳೆಯ "ಓಕೆ" ಅಲ್ಲ. ತಟ್ಟಿ ನೋಡಿದೆ, ಗಟ್ಟಿಯಿತ್ತು.

ಎಲ್ಲರೂ ಹೋದ ಮೇಲೆ ಅವಳು ಸ್ನಾನಕ್ಕೆ ಹೋದಳು. ನಾನು ಹಾಲ್‌ನ ಪ್ಲೇಟುಗಳನ್ನು ಎತ್ತಿಕೊಂಡು ಬಾತ್‌ರೂಮಿನ ಮುಂದಿನಿಂದ ಬರುತ್ತಿದ್ದೆ. ಒಳಗಿನಿಂದ ನೀರಿನ ಸದ್ದಿನ ಜೊತೆಗೆ ನಮ್ಮ ಆಸ್ಟ್ರೇಲಿಯಾದ ಹಾಡು ಕೇಳಿಸಿತು. ನಾನೇ ಕೈಯಾರೆ ಕೂರಿಸಿದ ಟೈಲ್ಸು, ಮೆಲ್ಬರ್ನಿನಲ್ಲೇ ಎಲ್ಲಕ್ಕಿಂತ ಚೆನ್ನಾದ ಬಾತ್‌ರೂಮು. ಆದರೂ ಆ ದನಿಯನ್ನು ತಿದ್ದಲು ಅದರಿಂದ ಆಗುತ್ತಿರಲಿಲ್ಲ. ಮೇಲೆ ಹೋಗಬೇಕಾದಲ್ಲಿ ಪಕ್ಕಕ್ಕೆ ಹೋಗುತ್ತಿತ್ತು, ಇಳಿಯಬೇಕಾದಲ್ಲಿ ಜಾರಿ ಬೀಳುತ್ತಿತ್ತು. ಸಂಶಯವೇ ಇಲ್ಲ, ಅದು ನನ್ನ ಗಂಟಲೇ. ಹುಬ್ಬಳ್ಳಿಯ ಮಾಸ್ತರರು ಕೇಳಿದ್ದರೆ ಗುರುತು ಹಿಡಿಯುತ್ತಿದ್ದರು. ನಾನು ಪ್ಲೇಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಹಾಡು ನಿಂತಿತು. "ಪಪ್ಪಾ, ಆರ್ ಯು ಸ್ಟ್ಯಾಂಡಿಂಗ್ ದೇರ್?"

"ಇಲ್ಲವಾ, ಟೈಲ್ಸ್ ಗಟ್ಟಿ ಅದಾವಿಲ್ಲೋ ನೋಡಾಕತ್ತೀನಿ" ಎಂದೆ. ಸ್ವಂತದ್ದಕ್ಕೆ ವೋಟು ಹಾಕಬಾರದೆಂಬ ರೂಲು ಈಗ ನನಗೂ ಗೊತ್ತು. ಅದಕ್ಕೇ ಬಾಯಿಬಿಟ್ಟು ಹೇಳದೆ, ಮನಸ್ಸಿನಲ್ಲೇ ಹನ್ನೆರಡು ಪಾಯಿಂಟು ಕೊಟ್ಟು, ಸದ್ದಾಗದಂತೆ ಅಡಿಗೆಮನೆಗೆ ನಡೆದೆ.